ದೋಣಿಯ ಹೊಟ್ಟೆಯಲ್ಲಿದ್ದ ಶಿಷ್ಯ

ನಂದಕುಮಾರ ಮೇಷ್ಟ್ರು ಸ್ವೀಡನ್ನಿಗೆ ಬಂದು ವರ್ಷಗಳೇ ಆಗಿದ್ದರೂ ಸ್ವೀಡಿಷ್ ಕಲಿತಿರಲಿಲ್ಲ. ಕಲಿಯಲು ಆಗಲಿಲ್ಲ ಎಂದು ಯಾರಾದರೂ ಅಂದುಬಿಟ್ಟರೆ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು. "ಕಲಿಯೋಕೇನ್ರೀ ಇದೆ ಅದರಲ್ಲಿ? ಕಿವಿಗೊಟ್ಟು ಕೇಳಿ ನೋಡಿ. ಬಸ್ಸಲ್ಲಿ ಕೂತ್ರೆ ಸಾಕು, ಅಲ್ಲ ಅಂತಾರೆ, ಇಲ್ಲ ಅಂತಾರೆ, ಬರ ಅಂತಾರೆ. ಅರ್ಧಕ್ಕರ್ಧ ನಮ್ಮ ಪದಗಳೇ, ಕಾಗುಣಿತ ಕೆಟ್ಟಿದೆ ಅಷ್ಟೇ!" ಎನ್ನುತ್ತಿದ್ದರು.

ಹೊಟ್ಟೆಪಾಡೂ ಕನ್ನಡದ್ದೇ. ಕಾರ್ಲ್‌ಸ್ಟಾಡ್‌ನ ಕಮ್ಯೂನ್, ಅಂದರೆ ಅಲ್ಲಿನ ನಗರಸಭೆ, ಹೊರಗಿನಿಂದ ಬಂದವರ ಮಕ್ಕಳು ಮನೆಮಾತು ಮರೆಯಬಾರದು ಎಂದು ಶಾಲೆಗಳಲ್ಲಿ ಮೇಷ್ಟ್ರುಗಳನ್ನು ಇಟ್ಟಿತ್ತು. ಅರಬ್ಬಿಗೊಬ್ಬರು, ಸೊಮಾಲಿಗೊಬ್ಬರು, ಕನ್ನಡಕ್ಕೆ ನಮ್ಮ ನಂದಕುಮಾರ ಮೇಷ್ಟ್ರು. ಪಾಠಕ್ಕೆ ಬರುತ್ತಿದ್ದದ್ದು ಬೆರಳೆಣಿಕೆಯ ಮಕ್ಕಳು. ಮೇಷ್ಟ್ರು ಒಂದೇ ಸಮನೆ ವ್ಯಾಕರಣ ಸುರಿದರೂ ಆ ಮಕ್ಕಳ ಬಾಯಲ್ಲಿ ಒಂದು ಪೂರ್ತಿ ಕನ್ನಡ ವಾಕ್ಯ ಹೊರಟಿದ್ದನ್ನು ಕಂಡವರಿಲ್ಲ. ಸ್ವಂತ ಮಗಳು ಚಾರ್ವಿಯೇ, ಹೈಸ್ಕೂಲು ಓದುವ ಹುಡುಗಿ, ಅಪ್ಪ ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದಳು. ಮೇಷ್ಟ್ರು ಅದಕ್ಕೊಂದು ಕಾನೂನು ಮಾಡಿಟ್ಟಿದ್ದರು. ಕನ್ನಡದಲ್ಲಿ ಹೇಳಿದ್ದು ಮಾತ್ರ ಅವರ ಕಿವಿಗೆ ಬೀಳತಕ್ಕದ್ದು. ಹೀಗಾಗಿ ಮನೆಯಲ್ಲಿ ಅಪ್ಪ ಮಗಳ ನಡುವೆ ಹೆಚ್ಚಿನ ಮಾತುಕತೆಯೇ ಇರಲಿಲ್ಲ. ಒಬ್ಬ ಶಿಷ್ಯನಾದರೂ ಕಲಿಯಲಿಲ್ಲವಲ್ಲ ಎಂಬ ಸಂಕಟ ಮೇಷ್ಟ್ರನ್ನು ಒಳಗೊಳಗೇ ತಿನ್ನುತ್ತಿತ್ತು, ಆದರೆ ಬಾಯಿಬಿಟ್ಟು ಹೇಳಿದವರಲ್ಲ.

ಮನೆ ಅಂದೆನಲ್ಲ, ಅದು ಮನೆಯಲ್ಲ, ದೋಣಿ. ಬಾಡಿಗೆಗೆ ಮನೆ ಸಿಗದೆ ಅಲೆದು ಅಲೆದು ಸುಸ್ತಾಗಿ, ಊರ ಕಾಲುವೆಯಲ್ಲಿ ನಿಂತಿದ್ದ ಒಂದು ಹಳೆಯ ಉಕ್ಕಿನ ದೋಣಿಮನೆಯನ್ನು ಕೊಂಡಿದ್ದರು. ಒಳಗೆ ಅಡುಗೆಮನೆ, ಮಲಗುವ ಕೋಣೆ, ಕಬ್ಬಿಣದ ಒಲೆ, ಎಲ್ಲ ಇತ್ತು. ಆದರೆ ಉಕ್ಕಿನ ದೋಣಿಗೊಂದು ತಾಪತ್ರಯ. ಆಗಾಗ ಕ್ರೇನಿನಿಂದ ದಡಕ್ಕೆತ್ತಿಸಿ, ತಳದ ಪಾಚಿ ಕೆರೆದು, ತುಕ್ಕು ಉಜ್ಜಿ, ತಗಡನ್ನು ಬಡಿದು ನೋಡಿ, ಬಣ್ಣ ಹೊಡೆಯಬೇಕು. ಕನ್ನಡ ಕೂಟದ ಅಧ್ಯಕ್ಷ ರಾಜಶೇಖರ ಫೀಕಾಕ್ಕೆ, ಅಂದರೆ ಕಾಫಿಗೆ, ಬಂದಿದ್ದಾಗ "ಯಾರಿಗೆ ಕೊಟ್ಟಿದೀರಾ ಮೇಷ್ಟ್ರೇ ಕೆಲಸ?" ಎಂದು ಕೇಳಿದ್ದೇ ತಪ್ಪಾಯಿತು.

"ಕೊಡೋದಾ? ಛೆ ಛೆ! ನಮ್ಮನೆ ಹೊಟ್ಟೆ ಉಜ್ಜೋಕೆ ಬೇರೆಯವರು ಯಾಕ್ರೀ? ನಾನೇ ಮಾಡ್ತೀನಿ" ಎಂದುಬಿಟ್ಟರು ಮೇಷ್ಟ್ರು. ಅಷ್ಟೊತ್ತಿನ ತನಕ ಅವರಿಗೂ ಆ ಯೋಚನೆ ಇರಲಿಲ್ಲ. ಹೆಂಡತಿ ಶಕುಂತಲಾ ಕಾಫಿ ಲೋಟ ಕೆಳಗಿಟ್ಟು ಗಂಡನನ್ನು ನೋಡಿದರು. ಮಾತು ಆಗಲೇ ಆಚೆ ಬಿದ್ದಿತ್ತು.

ಹಾಗೆ ಏಪ್ರಿಲ್‌ನ ಮೊದಲ ವಾರ ದೋಣಿ ದಡ ಹತ್ತಿತು. ವೇನರ್ನ್ ಸರೋವರದ ಅಂಚಿನಲ್ಲಿ, ಊರಿಂದಾಚೆ, ದೋಣಿಗಳನ್ನು ಕಟ್ಟೆಯ ಮೇಲೆ ನಿಲ್ಲಿಸುವ ಒಂದು ಅಂಗಳ. ಸುತ್ತ ಟಾರ್ಪಾಲು ಹೊದ್ದ ದೋಣಿಗಳ ಸಾಲು, ಮನುಷ್ಯರ ಸುಳಿವಿಲ್ಲ. ಶಕುಂತಲಾ ಪಾಠ ಮಾಡುವ ವಿಶ್ವವಿದ್ಯಾಲಯದ ಗೆಳತಿಯೊಬ್ಬಳು ತನ್ನ ಮನೆಯಲ್ಲೊಂದು ಕೋಣೆ ಬಿಟ್ಟುಕೊಟ್ಟಳು. ಕ್ರೇನು ಮತ್ತೆ ಬರುವುದು ತಿಂಗಳ ಕೊನೆಗೆ. ಆ ಹೊತ್ತಿಗೆ ಗೆಳತಿಯ ಅತ್ತೆಮಾವ ಬರುವವರು, ಕೋಣೆ ಖಾಲಿ ಮಾಡಬೇಕು. ಅಂದರೆ ಆ ದಿನ ದೋಣಿ ನೀರಿಗಿಳಿಯದಿದ್ದರೆ ಮೂವರೂ ಬೀದಿಗೆ. ತಳ ಸರಿಯಿಲ್ಲದೆ ಇಳಿದರೆ ಮೂವರೂ ತಳಕ್ಕೆ.

ಅಂಗಳದ ಯಜಮಾನ ಹೋಕನ್, ಮಾತು ಕಡಿಮೆಯ ಎತ್ತರದ ಆಳು. ಮೇಷ್ಟ್ರ ಕೈಗೆ ಕೆರೆಯುವ ಉಳಿ, ತಂತಿಬ್ರಷ್ಷು, ಒಂದು ಸುತ್ತಿಗೆ ಕೊಟ್ಟು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ. "ಅಂಗೈಯಗಲಕ್ಕೊಂದು ಏಟು ಹಾಕುತ್ತಾ ಹೋಗು. ಗಟ್ಟಿ ತಗಡು ಗಂಟೆಯಂಗೆ ದನಿ ಕೊಡತ್ತೆ. ಸವೆದಿದ್ದು ಕೊಡಲ್ಲ. ಸುಮ್ನೆ ಬಡೀಬೇಡ, ಕೇಳಿಸ್ಕೊ."

ಕೇಳಿಸಿಕೊಳ್ಳುವುದನ್ನು ಭಾಷಾ ಮೇಷ್ಟ್ರಿಗೆ ಹೇಳಿಕೊಡುತ್ತಾನಲ್ಲ ಎಂದು ನಂದಕುಮಾರ ಮೇಷ್ಟ್ರಿಗೆ ನಗು ಬಂತು.

ನೀರಿನ ಮೇಲಿದ್ದಾಗ ಪುಟ್ಟದಾಗಿ ಮುದ್ದಾಗಿ ಕಾಣುತ್ತಿದ್ದ ದೋಣಿ ಕೆಳಗೆ ನಿಂತು ನೋಡಿದರೆ ಬೇರೆಯೇ ಆಗಿತ್ತು. ಕಪ್ಪಗೆ, ದಪ್ಪಗೆ, ತಲೆಯ ಮೇಲೆ ಬಾಗಿಕೊಂಡಿತ್ತು. ಮಳೆಯಿಲ್ಲದ ದಿನವೂ ಅದರ ಯಾವುದೋ ಮೂಲೆಯಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಸರೋವರದಿಂದ ಮಂಜು ಮಧ್ಯಾಹ್ನಕ್ಕೇ ಎದ್ದು ಬಂದು ಕಾಲಿನ ಸುತ್ತ ನಿಲ್ಲುತ್ತಿತ್ತು. ಮೇಷ್ಟ್ರು ಜಗ್ಗಲಿಲ್ಲ. ಪಾಚಿ ಕೆರೆದರು, ತುಕ್ಕು ಉಜ್ಜಿದರು, ಮುಖವೆಲ್ಲ ಇಟ್ಟಿಗೆ ಬಣ್ಣ ಮಾಡಿಕೊಂಡರು. ಆಮೇಲೆ ಸುತ್ತಿಗೆ ಹಿಡಿದು ಮುಂದಿನಿಂದ ಬಡಿಯುತ್ತಾ ಬಂದರು. ಠಣ್. ಠಣ್. ಠಣ್. ಹಿಂಭಾಗದ ಬಲಮಗ್ಗುಲಿಗೆ ಬಂದಾಗ ಮಾತ್ರ ಏಟು ದಬ್ ಎಂದಿತು.

ಎಲಾ, ಒಳಗೆ ಯಾರೋ ಒರಗಿಕೊಂಡು ಕೂತ ಹಾಗಿದೆಯಲ್ಲ ಅನಿಸಿತು ಮೇಷ್ಟ್ರಿಗೆ. ತಮಾಷೆಗೆ ಅಂತಲೇ ಕೇಳಿದರು. "ಯಾರ್ರೀ ಒಳಗೆ? ಯಾರಾದ್ರೂ ಇದೀರಾ?"

ತಗಡಿನ ಆಚೆಯಿಂದ, ಮೇಷ್ಟ್ರ ಕಿವಿಯ ಮಟ್ಟದಲ್ಲೇ, ಒಂದು ಮುದಿ ಗಂಡು ದನಿ ನಿಧಾನವಾಗಿ ಹೇಳಿತು.

"ಇಲ್ಲ."

ಬೇರೆ ಯಾರಾದರೂ ಆಗಿದ್ದರೆ ಸುತ್ತಿಗೆ ಅಲ್ಲೇ ಬಿಸಾಕಿ ಓಡಿ, ಬಸ್‌ಸ್ಟಾಪು ಮುಟ್ಟಿದ ಮೇಲೇ ತಿರುಗಿ ನೋಡುತ್ತಿದ್ದರು. ಮೇಷ್ಟ್ರ ಮೈಯಲ್ಲೂ ಕೂದಲು ನೆಟ್ಟಗಾದದ್ದು ನಿಜ, ಬೆನ್ನಲ್ಲಿ ನೀರಿಳಿದದ್ದು ನಿಜ. ಓಡಿ ಏಣಿ ಹತ್ತಿ ದೋಣಿಯೊಳಗೆಲ್ಲ ಹುಡುಕಿದರು. ಒಲೆ ತಣ್ಣಗಿತ್ತು, ಹಾಸಿಗೆ ಸುತ್ತಿಟ್ಟಲ್ಲೇ ಇತ್ತು, ನರಪಿಳ್ಳೆಯಿಲ್ಲ. ಮರಳಿ ಬಂದು ಅದೇ ಜಾಗ ಬಡಿದರು.

"ಇಲ್ಲ" ಎಂದಿತು ದನಿ, ಈ ಸಲ ಇನ್ನೂ ಬೇಸರದಿಂದ.

ಆಗ ಮೇಷ್ಟ್ರೊಳಗಿನ ಮೇಷ್ಟ್ರು ಎದ್ದು ಕೂತರು. ಈ ಚಳಿಯ ದೇಶದಲ್ಲಿ, ಈ ಹಾಳು ಅಂಗಳದಲ್ಲಿ, ಕನ್ನಡ! ಅದೂ ತಾನಾಗಿ! ಭಯ ಒಂದು ಕಡೆ, ಕಣ್ಣಲ್ಲಿ ನೀರು ಒಂದು ಕಡೆ. ಆದರೂ ತಪ್ಪನ್ನು ತಿದ್ದದೆ ಬಿಡುವ ಜಾಯಮಾನ ಅವರದಲ್ಲ. "ಬರೀ ಇಲ್ಲ ಅಂದ್ರೆ ವಾಕ್ಯ ಆಗಲ್ಲ ಸ್ವಾಮಿ. ಕರ್ತೃ ಎಲ್ಲಿ? ಇಲ್ಲಿ ಯಾರೂ ಇಲ್ಲ ಅನ್ಬೇಕು. ಹೇಳಿ ನೋಡೋಣ."

ಒಳಗೆ ಯಾರೋ ಉಸಿರು ಬಿಟ್ಟ ಸದ್ದಾಯಿತು, ಅಷ್ಟೇ.

ಸಂಜೆ ವಿಷಯ ಕೇಳಿದ ಶಕುಂತಲಾ ಗಂಡನ ಹಣೆ ಮುಟ್ಟಿ ನೋಡಿದರು. "ರೀ, ಆ ಪೈಂಟಿನ ಡಬ್ಬಿ ಮುಚ್ಚಿಟ್ಟು ಕೆಲಸ ಮಾಡಿ. ವಾಸನೆ ತಲೆಗೆ ಹೋಗಿದೆ."

"ಪೈಂಟೇ ಓಪನ್ ಮಾಡಿಲ್ಲ ಕಣೇ ಇನ್ನೂ!"

"ಹಾಗಾದ್ರೆ ಓಪನ್ ಮಾಡಿ. ಕೆಲಸ ಆದ್ರೂ ಆಗತ್ತೆ."

ಮರುದಿನ ಶಾಲೆ ಮುಗಿಸಿ ಚಾರ್ವಿ ಅಪ್ಪನಿಗೆ ಊಟದ ಡಬ್ಬಿ ತಂದಳು. ಮೇಷ್ಟ್ರು ಹುಮ್ಮಸ್ಸಿನಿಂದ ಅವಳನ್ನು ಹಿಂಭಾಗಕ್ಕೆ ಕರೆದುಕೊಂಡು ಹೋಗಿ ತಗಡು ಬಡಿದರು. ದನಿ ಬಂತು. ಚಾರ್ವಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ತಗಡಿನ ಕಡೆ ಬೆರಳು ತೋರಿಸುತ್ತಾ ಸ್ವೀಡಿಷ್‌ನಲ್ಲಿ ಏನನ್ನೋ ಗಡಗಡ ಹೇಳತೊಡಗಿದಳು.

"ಕನ್ನಡದಲ್ಲಿ" ಎಂದರು ಮೇಷ್ಟ್ರು.

"ಪಪ್ಪಾ, ಪ್ಲೀಸ್! ಅದು... ಅದು ನಾಟ್..."

"ಪೂರ್ತಿ ವಾಕ್ಯ. ನೋಡು, ದೆವ್ವಕ್ಕೆ ಬರೋ ಕನ್ನಡ ನಿಂಗೆ ಬರಲ್ವಲ್ಲ, ನಾಚಿಕೆ ಆಗಬೇಕು."

ಚಾರ್ವಿಯ ಕಣ್ಣು ತುಂಬಿಕೊಂಡಿತು. ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಹಿಂದಕ್ಕೆ ನೋಡದೆ ಹೊರಟುಹೋದಳು.

ಅಂದಿನಿಂದ ಪಾಠ ಶುರುವಾಯಿತು. ಮೇಷ್ಟ್ರು ಒಂದು ಮುಕ್ಕಾಲಿ ಸ್ಟೂಲು ತಂದು ದೋಣಿಯ ಹಿಂಭಾಗಕ್ಕೆ ಹಾಕಿಕೊಂಡರು. ಬೆಳಗ್ಗೆ ಕೆರೆತ, ಮಧ್ಯಾಹ್ನ ವ್ಯಾಕರಣ. ಇಲ್ಲ ಎಂದರೇನು, ಅಲ್ಲ ಎಂದರೇನು, ಬೇಡ ಎಂದರೇನು, ವಿಭಕ್ತಿ, ಸಂಧಿ, ದೊಡ್ಡವರನ್ನು ಮಾತಾಡಿಸುವ ಕ್ರಮ, ಚಿಕ್ಕವರನ್ನು ಮಾತಾಡಿಸುವ ಕ್ರಮ. ಮಂಜಿನಲ್ಲಿ ಒಬ್ಬರೇ ಕೂತು ತಗಡಿಗೆ ಮುಖ ಮಾಡಿ "ನಾನು, ನನ್ನನ್ನು, ನನ್ನಿಂದ" ಎಂದು ರಾಗವಾಗಿ ಹೇಳಿಕೊಡುತ್ತಿದ್ದರು. ಶಿಷ್ಯ ಎದುರಾಡುತ್ತಿರಲಿಲ್ಲ, ಫೋನು ನೋಡುತ್ತಿರಲಿಲ್ಲ, ಬೆಲ್ಲಾದ ಕೂಡಲೇ ಎದ್ದೋಡುತ್ತಿರಲಿಲ್ಲ. ಇಂಥ ಶಿಷ್ಯ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಒಂದೇ ಕೊರತೆ, ಪ್ರತಿ ಪ್ರಶ್ನೆಗೂ ಒಂದೇ ಉತ್ತರ. ಹೆಸರೇನು? ಇಲ್ಲ. ಊರು? ಇಲ್ಲ. ಕೆಲವೊಮ್ಮೆ ಮೇಷ್ಟ್ರು ಸುಮ್ಮನಿದ್ದಾಗಲೂ ಒಳಗಿನಿಂದ ಆ ಜಾಗವನ್ನು ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಪಾಠದ ಮೇಲಿನ ಆಸಕ್ತಿ ಎಂದುಕೊಂಡರು ಮೇಷ್ಟ್ರು.

ಇಂಥ ಸುದ್ದಿ ಮುಚ್ಚಿಟ್ಟುಕೊಳ್ಳಲು ಆಗುತ್ತದೆಯೇ? ಶನಿವಾರ ರಾಜಶೇಖರ ಯೋನ್‌ಶೋಪಿಂಗ್‌ನಿಂದ ಹೆಂಡತಿ ಮೀರಾ, ಮಕ್ಕಳು, ಇನ್ನೆರಡು ಕಾರುಗಳ ತುಂಬ ಕೂಟದವರನ್ನು ಹೇರಿಕೊಂಡು ಬಂದಿಳಿದರು. ರಾಜಶೇಖರ ದೊಡ್ಡ ಇಂಜಿನಿಯರು. ಸ್ವೀಡಿಷ್ ತರಗತಿಗೆ ಪ್ರತಿ ವರ್ಷ ತಪ್ಪದೆ ಹೆಸರು ಕೊಟ್ಟು, ಮೊದಲನೇ ದಿನ ಮಾತ್ರ ಹೋಗಿಬರುವ ವ್ರತ ಅವರದು. ಕಂಪನಿಯಲ್ಲೆಲ್ಲ ಇಂಗ್ಲಿಷು, ಮನೆಯಲ್ಲಿ ಕನ್ನಡ, ಜೀವನ ಸುಖವಾಗಿತ್ತು.

"ಮೇಷ್ಟ್ರೇ, ನಾನು ಸೈನ್ಸಿನವನು. ಇದೆಲ್ಲ ನಂಬಲ್ಲ" ಎನ್ನುತ್ತಾ ಅವರು ಚಪ್ಪಲಿ ಬಿಚ್ಚಿಟ್ಟು ಸುತ್ತಿಗೆ ಕೈಗೆತ್ತಿಕೊಂಡರು. ದಬ್ ದಬ್. "ಸ್ವಾಮಿ, ನನಗೆ ಈ ವರ್ಷ ಪ್ರಮೋಷನ್ ಇದೆಯಾ?"

"ಇಲ್ಲ."

ರಾಜಶೇಖರ ಬೆವರು ಒರೆಸಿಕೊಂಡರು. "ಕರೆಕ್ಟ್ ಕಣ್ರೀ! ಮೊನ್ನೆ ತಾನೇ ಬಾಸ್ ಹೇಳಿದ್ದ. ಇದಕ್ಕೆ ಹೆಂಗೆ ಗೊತ್ತಾಯ್ತು?"

ಮೀರಾ ಗಂಡನನ್ನು ಪಕ್ಕಕ್ಕೆ ತಳ್ಳಿ ಸುತ್ತಿಗೆ ಕಸಿದುಕೊಂಡರು. "ಸ್ವಾಮಿ, ನಮ್ಮತ್ತೆ ಈ ಬೇಸಿಗೇಲಿ ಬಂದು ಆರು ತಿಂಗಳು ಇರ್ತಾರಾ?"

"ಇಲ್ಲ."

ಮೀರಾ ಅಲ್ಲೇ ಕೈಮುಗಿದು ಕಣ್ಣಿಗೊತ್ತಿಕೊಂಡರು. ಪರ್ಸಿನಲ್ಲಿದ್ದ ಅರಿಶಿನ ಕುಂಕುಮ ತೆಗೆದು ಆ ತಗಡಿಗೆ ಢಾಳಾಗಿ ಬಳಿದರು. ಆಮೇಲೆ ಹಿಡಿಯುವವರಿಲ್ಲ. ಸಾಲು ನಿಂತಿತು. ಒಬ್ಬೊಬ್ಬರೂ ಮೂರು ಮೂರು ಏಟು ಹಾಕಿ ಪ್ರಶ್ನೆ ಕೇಳಿದರು. ವೀಸಾ, ಮದುವೆ, ಮಂಡಿನೋವು, ಎಲ್ಲದಕ್ಕೂ ಇಲ್ಲ. ಕೆಲವರು ಅತ್ತರು, ಕೆಲವರು ನಿಟ್ಟುಸಿರು ಬಿಟ್ಟರು, ಎಲ್ಲರಿಗೂ ಸಮಾಧಾನವೋ ಸಮಾಧಾನ. ಚುರುಮುರಿ ಹಂಚಿಯಾಯಿತು.

ಒಂದು ಸಂಗತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ಬಂದಿದ್ದ ಮಕ್ಕಳಲ್ಲಿ ಒಂದೂ ಸಾಲಿನಲ್ಲಿರಲಿಲ್ಲ. ಮೊದಲ ದನಿ ಕೇಳಿದ ಕೂಡಲೇ ಅವು ಒಂದರ ಕೈಯೊಂದು ಹಿಡಿದು ಹಿಂದೆ ಹಿಂದೆ ಸರಿದು, ಕಾರಿನೊಳಗೆ ಸೇರಿ, ಗಾಜು ಏರಿಸಿಕೊಂಡು ಬಿಳಿಚಿದ ಮುಖ ಹೊತ್ತು ದೋಣಿಯನ್ನೇ ನೋಡುತ್ತಿದ್ದವು. ಅವಕ್ಕೆ ಕೇಳಿಸಿದ್ದು ಬೇರೆಯೇ ಆಗಿತ್ತು.

ಮೇಷ್ಟ್ರು ಉಳಿದ ತಳಕ್ಕೆಲ್ಲ ಬಣ್ಣ ಹೊಡೆದು ಮುಗಿಸಿದರು. ಕುಂಕುಮದ ಜಾಗವನ್ನು ಕೆರೆಯಲೂ ಇಲ್ಲ, ಉಜ್ಜಲೂ ಇಲ್ಲ. ಶಿಷ್ಯನ ಮುಖಕ್ಕೆ ಬಣ್ಣ ಬಳಿಯುವುದು ಹೇಗೆ? ಬದಲಿಗೆ ದಿನವೂ ಬರುವ ಭಕ್ತರು ತಗಡು ಬಡಿಯಲೆಂದು ಸುತ್ತಿಗೆಯನ್ನು ಅಲ್ಲೇ ದಾರ ಕಟ್ಟಿ ನೇತುಹಾಕಿದರು.

ಕ್ರೇನು ಬರುವ ದಿನ ಇನ್ನೇನು ಹತ್ತಿರವಾದಾಗ, ಶಕುಂತಲಾ ಚಾರ್ವಿ ಇಬ್ಬರೂ ಸಾಮಾನು ತಂದು ಕೆಳಗಿಳಿಸುತ್ತಿದ್ದಾಗ, ಹೋಕನ್ ತಳ ನೋಡಲು ಬಂದ. ಮುಂಭಾಗ ನೋಡಿ ತಲೆಯಾಡಿಸಿದ. ಹಿಂಭಾಗಕ್ಕೆ ಬಂದು ಕೆಂಪು ಹಳದಿ ಮೆತ್ತಿದ ತಗಡನ್ನೂ ನೇತಾಡುವ ಸುತ್ತಿಗೆಯನ್ನೂ ನೋಡಿ ನಿಂತ. ಏನೂ ಕೇಳದೆ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದ.

"ಇಲ್ಲ" ಎಂದಿತು ದನಿ.

ಹೋಕನ್ ಎರಡು ಹೆಜ್ಜೆ ಹಿಂದೆ ಹೋಗಿ ಟೋಪಿ ತೆಗೆದ. ಅವನ ತುಟಿ ಅದುರುತ್ತಿತ್ತು. "ಟೂರೆ?" ಎಂದ, ಬಲು ಮೆಲ್ಲಗೆ. ಆಮೇಲೆ ಜೇಬಿನಿಂದ ಮೊನಚು ದಬ್ಬಳ ತೆಗೆದು ಕುಂಕುಮದ ನಡುವಿಗೆ ಒತ್ತಿದ. ಜಾಸ್ತಿ ಬಲ ಹಾಕಲಿಲ್ಲ. ದಬ್ಬಳ ಹಿಡಿಯ ತನಕ ಒಳಗೆ ಹೋಯಿತು.

"ಅಯ್ಯೋ ದೇವರೇ!" ಎಂದು ಶಕುಂತಲಾ ಕೈಲಿದ್ದ ಪಾತ್ರೆ ಬಿಟ್ಟರು.

ಹೋಕನ್ ಇಂಗ್ಲಿಷಿನಲ್ಲಿ ಹೇಳಿದ. "ಈ ದೋಣಿ ಟೂರೆ ಅನ್ನೋ ಮುದುಕಂದು. ಪ್ರತಿ ವಸಂತದಲ್ಲೂ ಅವನೇ ತಳ ಕೆರೀತಿದ್ದ, ಅವನೇ ಬಡೀತಿದ್ದ. ಕೆಟ್ಟ ಜಾಗ ಸಿಕ್ಕಿದ್ರೆ ಒಂದೇ ಮಾತು, ಇಲ್ಲ. ನಮ್ಮ ಭಾಷೇಲಿ ಇಲ್ಲ ಅಂದ್ರೆ ಕೆಟ್ಟಿದೆ ಅಂತ. ಅವನನ್ನ ಮಣ್ಣು ಮಾಡಿದಾಗ ಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನು."

ಒಳಗಿನಿಂದ ದಬ್ಬಳದ ತೂತಿನ ಮೂಲಕ ತಣ್ಣನೆಯ ಗಾಳಿ ಬಂದು ಮೇಷ್ಟ್ರ ಕೆನ್ನೆಗೆ ತಾಗಿತು. ಮೇಷ್ಟ್ರು ಮಗಳ ಕಡೆ ತಿರುಗಿದರು. ಅವಳು ಅಂದು ಗಡಗಡ ಹೇಳಿದ್ದು ಇದನ್ನೇ ಎಂದು ಈಗ ಹೊಳೆಯಿತು. "ಹೇಳ್ಬಾರ್ದಿತ್ತಾ ಪುಟ್ಟಿ" ಎನ್ನಲು ಬಾಯಿ ತೆರೆದವರು ಅವಳ ಮುಖ ನೋಡಿ ಸುಮ್ಮನಾದರು. ನಾಚಿಕೆಯಾಯಿತು, ಭೂಮಿ ಬಾಯಿಬಿಡಬಾರದೇ ಅನಿಸುವಷ್ಟು ನಾಚಿಕೆ.

ಹೋಕನ್ ಆ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿದ. ಅದಕ್ಕೆ ಮೇಷ್ಟ್ರೇ ಬಣ್ಣ ಹೊಡೆದರು. ಬಡಿದರೆ ಠಣ್ ಎಂದಿತು. ದನಿ ಬರಲಿಲ್ಲ. ಹೇಳಬೇಕಾದ್ದನ್ನು ಹೇಳಿ ಮುದುಕ ಹೊರಟುಹೋದ ಎಂದರು ಶಕುಂತಲಾ. ಮೇಷ್ಟ್ರು ಖಾಲಿ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದರು. ಇದ್ದೊಬ್ಬ ಶಿಷ್ಯನೂ ಕನ್ನಡದವನಲ್ಲ, ಪಾಠ ಕೇಳಿದವನೂ ಅಲ್ಲ. ಅವರಿಗೆ ಅಳು ಬಂದಂತಾಯಿತು.

ಕ್ರೇನಿನ ದಿನ ಸರೋವರ ಕಾಣದಷ್ಟು ಮಂಜು. ದೋಣಿಯನ್ನು ಪಟ್ಟಿಗಳಲ್ಲಿ ಎತ್ತಿ ನೀರಿನ ಮೇಲೆ ಮೊಳದೆತ್ತರಕ್ಕೆ ತೂಗಿಸಿದ್ದರು. ಗೆಳತಿಯ ಮನೆಯ ಕೋಣೆಗೆ ಆಗಲೇ ಅತ್ತೆಮಾವ ಬಂದಿಳಿದಿದ್ದರು. ಇಳಿಸುವ ಮೊದಲು ಕೊನೆಯದಾಗಿ ಒಂದು ಮಾತು ಕೇಳಿಬಿಡೋಣ, ಅದೂ ಆ ಮುದುಕನ ತಾಯ್ನುಡಿಯಲ್ಲೇ ಕೇಳೋಣ ಅನಿಸಿತು ಮೇಷ್ಟ್ರಿಗೆ. ರಾತ್ರಿಯೆಲ್ಲ ಚಾರ್ವಿಯಿಂದ ಹೇಳಿಸಿಕೊಂಡು ಗಟ್ಟಿ ಮಾಡಿದ್ದ ವಾಕ್ಯ ಅದು, ಅವರ ಬಾಯಿಂದ ಹೊರಟ ಮೊಟ್ಟಮೊದಲ ಸ್ವೀಡಿಷ್ ವಾಕ್ಯ. ಕಟ್ಟೆಯಂಚಿಗೆ ಬಗ್ಗಿ ಹೊಸ ತಗಡು ತಟ್ಟಿ ಕೇಳಿದರು.

"ಏರ್ ದೆ ಇಲ್ಲ?" ಕೆಟ್ಟಿದೆಯಾ ಎಂದು ಅದರ ಅರ್ಥ.

ಮಂಜು ಅಲುಗಲಿಲ್ಲ. ಕ್ರೇನಿನ ಸರಪಳಿ ಕಿರುಗುಟ್ಟಿತು. ಆಮೇಲೆ ದೋಣಿಯ ಹೊಟ್ಟೆಯೊಳಗಿಂದ, ಅದೇ ಮುದಿ ದನಿ.

"ಇಲ್ಲ."

ಹೋಕನ್ ಬೆಚ್ಚಿ, ನಿಲ್ಲಿಸು ಎಂದು ಕ್ರೇನಿನವನಿಗೆ ಎರಡೂ ಕೈ ಎತ್ತಿದ. ಅದೇ ಹೊತ್ತಿಗೆ ಶಕುಂತಲಾ "ಸದ್ಯ! ಕೆಟ್ಟಿಲ್ವಂತೆ ಕಣ್ರೀ" ಎಂದು ಕೈಮುಗಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಆಮೇಲೆ ಇಬ್ಬರೂ ಮೇಷ್ಟ್ರನ್ನು ನೋಡಿದರು.

ಕೆಟ್ಟಿದೆ ಎಂದಿತೋ, ಇಲ್ಲ ಎಂದಿತೋ? ಹುಟ್ಟಾ ಸ್ವೀಡಿಷ್ ಮುದುಕ, ಆದರೆ ತಿಂಗಳಿಡೀ ಕನ್ನಡ ಪಾಠ ಕೇಳಿದವನು. ಕಲಿತಿದ್ದಾನೋ, ಕಲಿತಿಲ್ಲವೋ?

"ಚಾರ್ವಿ, ಯಾವ ಭಾಷೆನಮ್ಮಾ ಇದು?" ಎಂದರು ಮೇಷ್ಟ್ರು.

"ಗೊತ್ತಾಗ್ತಾ ಇಲ್ಲ ಅಪ್ಪ" ಎಂದಳು ಚಾರ್ವಿ. "ನಂಗೆ ಭಯ ಆಗ್ತಾ ಇದೆ." ಅವಳು ಕನ್ನಡದಲ್ಲಿ ಹೇಳಿದಳೆಂಬುದು ಅವಳಿಗೂ ತಿಳಿಯಲಿಲ್ಲ, ಅವರಿಗೂ ಆ ಕ್ಷಣ ತಿಳಿಯಲಿಲ್ಲ.

ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು. "ನೀವಿಬ್ರೂ ಇಲ್ಲೇ ಇರಿ. ನಾನೊಬ್ನೇ ಒಳಗಿರ್ತೀನಿ, ಇಳಿಸ್ಲಿ. ನೀರು ಬಂದ್ರೆ ಕೂಗ್ತೀನಿ."

"ಹುಚ್ಚಾ ನಿಮಗೆ? ಬೇಡಾರೀ!" ಎಂದು ಶಕುಂತಲಾ ತೋಳು ಹಿಡಿದುಕೊಂಡರು.

"ನಾನು ಹೇಳಿಕೊಟ್ಟ ಪಾಠ ಕಣೇ. ನಾನೇ ನಂಬದಿದ್ರೆ ಇನ್ಯಾರು ನಂಬ್ತಾರೆ?" ಎಂದು ಕೈ ಬಿಡಿಸಿಕೊಂಡು ಏಣಿ ಹತ್ತಿದರು.

ಒಳಗೆ ಕತ್ತಲು. ನೆಲದ ಹಲಗೆ ಎತ್ತಿ, ತಳಕ್ಕಿಳಿದು, ಹೊಸ ತಗಡಿನ ಪಕ್ಕ ಮಂಡಿ ಮಡಚಿ ಕೂತು ಅಂಗೈಯನ್ನು ಅದಕ್ಕೊತ್ತಿ ಹಿಡಿದರು. ಮೇಲೆ ಸರಪಳಿ ಗರಗರ ಎಂದಿತು. ದೋಣಿ ಇಳಿಯಿತು. ನೀರು ತಳ ಮುಟ್ಟಿದ ಸದ್ದು, ಆಮೇಲೆ ಸುತ್ತಲಿನಿಂದ ಏರಿದ ಸದ್ದು. ಅಂಗೈಯಡಿ ತಗಡು ಮಂಜುಗಡ್ಡೆಯಷ್ಟು ತಣ್ಣಗಾಯಿತು. ಮೇಷ್ಟ್ರು ಉಸಿರು ಹಿಡಿದರು. ಕೈಯೆತ್ತಿ ಸವರಿ ನೋಡಿದರು, ಒಣಗಿತ್ತು. ಮತ್ತೆ ಸವರಿದರು, ಒಣಗೇ ಇತ್ತು. ಹೊರಗೆ ಮಗಳು "ಅಪ್ಪಾ! ಅಪ್ಪಾ!" ಎಂದು ಕೂಗುವುದು ದೂರದಲ್ಲಿ ಕೇಳುತ್ತಿತ್ತು.

ಆಗ ಅವರ ಎಡಗಿವಿಗೆ ಬಲು ಹತ್ತಿರದಲ್ಲಿ, ಈ ಸಲ ತಗಡಿನ ಆಚೆಯಿಂದಲ್ಲ ಈಚೆಯಿಂದ, ತಣ್ಣನೆ ಉಸಿರಿನ ಜೊತೆ ಆ ದನಿ ತಡೆದು ತಡೆದು, ಒಂದೊಂದೇ ಪದ ಹುಡುಕಿ ಜೋಡಿಸಿಕೊಂಡು ಹೇಳಿತು.

"ಮೇಷ್ಟ್ರೇ, ಸ್ವಲ್ಪ ಸರಿದು ಕೂತ್ಕೊಳ್ಳಿ. ನನಗೆ ಜಾಗ ಸಾಲದು."

ಮೇಷ್ಟ್ರು ಅಲ್ಲಾಡಲಿಲ್ಲ. ವಾಕ್ಯವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡರು. ವಿಭಕ್ತಿ ಸರಿಯಿತ್ತು. ಬಹುವಚನ ಸರಿಯಿತ್ತು. ಹಿರಿಯರಿಗೆ ಕೊಡುವ ಮರ್ಯಾದೆಯೂ ಇತ್ತು. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.

ಮೇಷ್ಟ್ರು ಸರಿದು ಕೂತರು.